ಬೋನಾಳ ಕೆರೆಯ ಸುತ್ತ ಅವ್ವನ ಕಾವಲು

ಬೋನಾಳದ ಕೆರೆಯನ್ನು ಒಂದು ಸುತ್ತು ನಡೆದು ಬರಬೇಕು, ಮನೆಮಂದಿಯೆಲ್ಲ ಹೋಗಬೇಕು, ಒಂದು ಪೂರ್ತಿ ದಿನ ಅದಕ್ಕೇ ಇರಲಿ ಎಂದು ಅಪ್ಪ ಹೇಳಿದಾಗ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ನೆಲಕ್ಕಿಟ್ಟಳು. ಅಪ್ಪನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಈ ವಿಚಾರವನ್ನು ಅವರ ತಲೆಗೆ ತುಂಬಿದವಳು ನೀನೇ ಎಂಬ ಆರೋಪ ಆ ನೋಟದಲ್ಲಿತ್ತು. ಆರೋಪ ಸುಳ್ಳು. ಆದರೆ ಅಪ್ಪನ ಮಾತು ಕೇಳಿ ನನಗೆ ಖುಷಿಯಾದದ್ದು ನಿಜ, ಅದು ಮುಖದ ಮೇಲೆ ಕಂಡಿರಬೇಕು.

ನಾವು ಆಗ ನಾರಾಯಣಪುರದಲ್ಲಿ, ಅಣೆಕಟ್ಟಿನ ಕೆಲಸದವರಿಗೆಂದು ಕಟ್ಟಿದ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ನಾನು ಸಗರದ ಶಾಲೆಯಲ್ಲಿ ಪಾಠ ಹೇಳುತ್ತ, ಶನಿವಾರ ಬಸ್ಸು ಹತ್ತಿ ಮನೆಗೆ ಬರುವವಳು. ತಮ್ಮ ಸುಟ್ಟ ಪಂಪಿನ ಮೋಟಾರು ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಕಾಲುವೆ ಬಂದ ಮೇಲೆ ಹೊಲಹೊಲಕ್ಕೂ ಪಂಪು ಬಂದು ಅವನಿಗೆ ಪುರುಸೊತ್ತೇ ಇರಲಿಲ್ಲ. ಇಷ್ಟೇ ನಮ್ಮ ಸಂಸಾರ. ಆ ವರ್ಷದ ಮಳೆಗಾಲದಲ್ಲಿ ಅಪ್ಪನ ಎದೆ ಹಿಡಿದುಕೊಳ್ಳುವವರೆಗೆ ಅದು ನೆಟ್ಟಗೇ ನಡೆದಿತ್ತು.

ಗುಲಬರ್ಗಾದ ದವಾಖಾನೆಯಲ್ಲಿ ಅಪ್ಪ ಬದುಕಿಕೊಂಡ. ಡಾಕ್ಟರು ಮನೆಗೆ ಕಳಿಸುವಾಗ ಉಪ್ಪು ಎಣ್ಣೆ ಕಡಿಮೆ ಮಾಡಿರಿ, ದಿನಾ ನಡೆಯಿರಿ, ನಿಧಾನಕ್ಕೆ ಹೆಚ್ಚು ಮಾಡುತ್ತ ಹೋಗಿರಿ, ಹೆದರಬೇಡಿರಿ ಎಂದರು. ಅವ್ವ ಮೊದಲಿನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಎರಡನೆಯದನ್ನು ಹೊರಸಿನಿಂದ ಗೇಟಿನವರೆಗೆ ಎಂದು ಅರ್ಥ ಮಾಡಿಕೊಂಡಳು. ಕೊನೆಯದು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

ಅಪ್ಪ ಹೊರಸಿನ ಮೇಲೆ ಮಲಗಿದರೆ ಅವಳು ಪಕ್ಕದಲ್ಲೇ ನೆಲಕ್ಕೆ ಚಾಪೆ ಹಾಕಿಕೊಳ್ಳುತ್ತಿದ್ದಳು. ಅವನ ಧೋತರದ ತುದಿಯೊಂದು ಅವಳ ಮುಷ್ಟಿಯಲ್ಲಿರಬೇಕು. ಅವನು ಹೊರಳಿದರೆ ತಿಳಿಯಬೇಕು, ಎದ್ದರೆ ತಿಳಿಯಬೇಕು, ಉಸಿರು ಸ್ವಲ್ಪ ಏರುಪೇರಾದರೂ ತಿಳಿಯಬೇಕು. ಮುಷ್ಟಿ ಸಡಿಲಬಾರದೆಂದು ನಿದ್ದೆಯನ್ನೇ ಬಿಟ್ಟಳು. ಹಗಲು ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದಳು. ಹಾಲು ಉಕ್ಕಿಸಿದಳು, ರೊಟ್ಟಿ ಸೀಯಿಸಿದಳು, ಒಮ್ಮೆ ತಮ್ಮನ ಅಂಗಿಯನ್ನು ಅಪ್ಪನಿಗೆ ತೊಡಿಸಲು ಹೋದಳು. ನಾನು ತಡೆಯಲಾರದೆ ಹೇಳಿದೆ, ಕಾಲುವೆ ನೀರಿಗೆ ರೈತರು ಪಾಳಿ ಹಚ್ಚಿಕೊಳ್ಳುವುದಿಲ್ಲವೇ, ಹಾಗೆ ನಾವೂ ಹಚ್ಚಿಕೊಳ್ಳೋಣ, ಒಂದು ದಿನ ನೀನು, ಒಂದು ದಿನ ತಮ್ಮ, ಬಂದಾಗ ನಾನು ಎಂದು.

"ನೀರಿಂದ ಬ್ಯಾರೆ, ಇದು ಬ್ಯಾರೆ," ಅಂದಳು ಅವ್ವ. "ಇದು ನಂದೇ ಪಾಳಿ. ಯಾರಿಗೂ ಕೊಡಂಗಿಲ್ಲ."

ಸಂಕ್ರಾಂತಿ ಕಳೆಯುವ ಹೊತ್ತಿಗೆ ಅಪ್ಪನ ಮೈಮೇಲೆ ಬಣ್ಣ ಬಂದಿತ್ತು, ಅವ್ವ ಬತ್ತಿದ್ದಳು. ಆದರೆ ಮನೆಗೆ ಬಂದವರೆಲ್ಲ ಅಪ್ಪನನ್ನೇ ನೋಡುತ್ತಿದ್ದರು. ನಾವೂ ಅಪ್ಪನನ್ನೇ ನೋಡುತ್ತಿದ್ದೆವು.

ಬೋನಾಳವೇ ಯಾಕೆ ಎಂದು ನಾನು ಕೇಳಿದೆ. ನಡೆಯಬೇಕೆಂದರೆ ಮನೆಯ ಹಿಂದೆಯೇ ಕಾಲುವೆಯ ದಂಡೆ ಇದೆ, ಎಷ್ಟು ಬೇಕಾದರೂ ನಡೆ.

"ಕಾಲುವಿ ದಂಡಿ ಮ್ಯಾಲ ಎಷ್ಟು ದೂರ ಹೋದ್ರೂ ಅದೇ ದಾರೀಲೆ ಹೊಳ್ಳಿ ಬರ್ಬೇಕವಾ," ಅಂದ ಅಪ್ಪ. "ಅರ್ಧಕ್ಕ ಸಾಕಾದ್ರ ಅರ್ಧಕ್ಕೇ ಹೊಳ್ತೀವಿ. ಕೆರಿ ಹಂಗಲ್ಲ. ಒಮ್ಮಿ ಹೊಂಟಿ ಅಂದ್ರ ಪೂರಾ ಸುತ್ತಬೇಕು, ಹೊಂಟ ಜಾಗಕ್ಕ ಬಂದು ನಿಲ್ಲಬೇಕು. ನಂಗ ಹಂಗ ಒಮ್ಮಿ ಬಂದು ನಿಲ್ಲಬೇಕಾಗೇದ."

ಇದನ್ನು ಅವನು ತಮಾಷೆಯ ದನಿಯಲ್ಲೇ ಹೇಳಿದ. ಜೊತೆಗೆ ಬೋನಾಳ ಅವ್ವನ ತವರು. ಬೇಡ ಎಂದು ಅವಳು ಬಾಯಿಬಿಟ್ಟು ಹೇಳಲು ಬರುವುದಿಲ್ಲ ಎಂಬ ಲೆಕ್ಕಾಚಾರವೂ ಅವನಿಗಿತ್ತು. ಕಚೇರಿಯಲ್ಲಿ ಇಷ್ಟು ವರ್ಷ ಕೂತವನಿಗೆ ಯಾರನ್ನು ಎಲ್ಲಿ ಕಟ್ಟಿಹಾಕಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಯೋಜನೆ ಶುರುವಾದದ್ದು ಊಟದ ತಾಟಿನಲ್ಲಿ. ಅಪ್ಪ ಒಂದು ರೊಟ್ಟಿಯನ್ನು ಮುಂದಿಟ್ಟುಕೊಂಡು ಇದು ಕೆರೆ ಅಂದ. ಈ ಕಡೆಯ ಅಂಚು ಏರಿ, ಇಲ್ಲಿ ತೂಬು, ಇಲ್ಲಿ ಹೆಚ್ಚಾದ ನೀರು ಹೊರಬೀಳುವ ಕೋಡಿ. ಶೇಂಗಾಕಾಳುಗಳನ್ನು ಅಂಚಿಗೆ ಒಂದೊಂದಾಗಿ ಇಡುತ್ತ ಹೋದ. ಇದು ಬೇವಿನ ಮರ, ಇಲ್ಲಿ ಕೂಡೋಣ. ಇದು ಭತ್ತ ಬೆಳೆಯಲು ಬಂದು ನೆಲೆಸಿದ ಆಂಧ್ರದವರ ಕ್ಯಾಂಪು, ಇಲ್ಲಿ ನೀರು ಕುಡಿಯೋಣ. ಕಾಲುವೆಯ ಎಸ್ಟಿಮೇಟು ಮಾಡಿದಂತೆ ತುಂಡು ತುಂಡು ಮಾಡಿ ಇಟ್ಟ. ತಮ್ಮ ಅಡ್ಡಬಾಯಿ ಹಾಕಿದ.

"ಆಚಿ ದಂಡಿಗೆ ಈಗ ದಾರಿ ಇಲ್ಲಪಾ. ಮೊದಲ ಜೋಳದ ಹೊಲ ಇತ್ತು, ಬದುವಿನ ಮ್ಯಾಲ ಆರಾಮ ಹೋಗಬಹುದಿತ್ತು. ಈಗೆಲ್ಲ ಭತ್ತ ಹಚ್ಯಾರ. ಗದ್ದಿ ನೀರೆಲ್ಲ ಹಳ್ಳಕ್ಕ ಇಳೀತದ. ಹೋದ ತಿಂಗಳ ಮೋಟಾರ್ ತರಾಕ ಹೋಗಿ ಮೊಳಕಾಲ ತನಕ ಸಿಕ್ಕೊಂಡಿದ್ದೆ."

ಅಪ್ಪ ರೊಟ್ಟಿಯ ಆ ಅಂಚನ್ನು ಬಹಳ ಹೊತ್ತು ನೋಡಿದ. ಬೇರೆಯವರಾದರೆ ಬೂಟು ಹುಡುಕುತ್ತಿದ್ದರೋ ಏನೋ. ಕಾಲುವೆ ಕಚೇರಿಯವನು ಕಾಲುವೆಯನ್ನೇ ಹುಡುಕಿದ. ಆ ಭಾಗಕ್ಕೆ ನೀರು ಬಿಡುವ ಪಾಳಿ ಯಾವಾಗ ಮುಗಿಯುತ್ತದೆ, ಯಾವಾಗ ಕಾಲುವೆಯ ತೂಬು ಮುಚ್ಚುತ್ತಾರೆ ಎಂದು ಕಚೇರಿಯ ಗೆಳೆಯರಿಗೆ ಹೇಳಿ ಕಳಿಸಿ ಕೇಳಿದ. ನೀರು ನಿಂತ ವಾರದ ಕೊನೆಗೆ ಗದ್ದೆ ಗಟ್ಟಿಯಾಗುತ್ತದೆ, ಹಳ್ಳ ಇಳಿಯುತ್ತದೆ, ಆ ಭಾನುವಾರವೇ ಹೋಗುವುದು ಎಂದು ತೀರ್ಮಾನವಾಯಿತು. ಅವ್ವ ಬಂದು ಶೇಂಗಾಕಾಳುಗಳನ್ನೆಲ್ಲ ಬಳಿದು ಪಕ್ಕಕ್ಕಿಟ್ಟು, ಕೆರೆಯನ್ನು ನಾಲ್ಕು ತುಂಡು ಮುರಿದು ಅಪ್ಪನ ಪಲ್ಯದ ಪಕ್ಕ ಇಟ್ಟಳು.

"ಮೊದಲ ಉಣ್ರಿ," ಅಂದಳು.

ಮುಂದಿನ ವಾರ ನಾನು ಸಗರದಿಂದ ಬಂದಾಗ ಮನೆಯಲ್ಲಿ ಜಗಳ ಕಾದಿರುತ್ತದೆಂದು ಟೊಂಕ ಕಟ್ಟಿಕೊಂಡೇ ಬಂದಿದ್ದೆ. ಜಗಳ ಇರಲಿಲ್ಲ. ಅವ್ವ ಗರಿಗರಿಯಾದ ಸಜ್ಜೆ ರೊಟ್ಟಿ ಬಡಿದಿಟ್ಟಿದ್ದಳು. ಉಪ್ಪಿಲ್ಲದ ಶೇಂಗಾ ಚಟ್ನಿ ಬೇರೆ, ಉಪ್ಪಿರುವುದು ಬೇರೆ. ಪುಂಡಿಪಲ್ಯ ಬೆಳಿಗ್ಗೆ ಮಾಡುತ್ತೇನೆ ಅಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ನಮ್ಮವ್ವ ಇಷ್ಟು ಸುಲಭಕ್ಕೆ ಒಪ್ಪುವ ಹೆಂಗಸೇ ಅಲ್ಲ. ಡಾಕ್ಟರೇ ನಡೆಯಿರಿ ಅಂದಿಲ್ಲವೇ ಎಂಬ ನನ್ನ ವಾದದ ಬಲದಿಂದಲೇ ಒಪ್ಪಿದ್ದಾಳೆಂದು ನಾನು ಬೀಗಿದೆ.

ಭಾನುವಾರ ಹುಣಸಗಿ ದಾಟಿ ಸುರಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೋನಾಳದಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಏರಿ ಹತ್ತಿದರೆ ಕೆರೆ ತುಂಬಿ ನಿಂತಿತ್ತು, ನಡುವೆ ಬಾತುಕೋಳಿಗಳ ಹಿಂಡು. ಅಪ್ಪ ತೂಬಿನ ಕಲ್ಲನ್ನು ಕೈಯಿಂದ ಮುಟ್ಟಿ, ಇಲ್ಲಿಂದ ಹೊರಟೆವು, ಇಲ್ಲಿಗೇ ಬರುವುದು ಅಂದ. ಅವ್ವ ಅವನ ಪಕ್ಕಕ್ಕೆ, ನಾನು ಹಿಂದೆ, ತಮ್ಮ ಬುತ್ತಿಚೀಲ ಹೊತ್ತು ಮುಂದೆ.

ಏರಿ ಮುಗಿಯುವಲ್ಲಿ ನಮ್ಮ ಸೋದರಮಾವ, ಅಂದರೆ ಅವ್ವನ ತಮ್ಮ, ಎತ್ತಿನ ಬಂಡಿ ನಿಲ್ಲಿಸಿಕೊಂಡು ನಿಂತಿದ್ದ. ಬಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿತ್ತು. ಕೌದಿಯ ಮೇಲೆ ದಿಂಬು.

"ಬರ್ರಿ ಮಾವಾರ. ಸುಮ್ನ ಈ ಕಡಿ ಬಂದಿದ್ದೆ," ಅಂದ.

"ದಿಂಬು ತಗೊಂಡು?" ಅಂದ ಅಪ್ಪ.

ಸೋದರಮಾವ ಎತ್ತಿನ ಕೊಂಬು ಸವರತೊಡಗಿದ. ಅಷ್ಟರಲ್ಲಿ ಅವನ ಹೆಂಡತಿ ಬುಟ್ಟಿ ಬಿಚ್ಚಿದಳು. ಬಿಸಿಬಿಸಿ ಮಿರ್ಚಿಭಜಿ, ಒಗ್ಗರಣೆ ಹಾಕಿದ ಮಂಡಕ್ಕಿ, ಸಕ್ಕರೆ ಸುರಿದ ಚಹಾ. ನಮ್ಮ ಕಡೆ ಬೀಗರು ಮುಂದಿಟ್ಟದ್ದನ್ನು ಒಲ್ಲೆ ಅನ್ನಲು ಬರುವುದಿಲ್ಲ. ಅಂದರೆ ಮುಂದಿನ ಮದುವೆಯವರೆಗೆ ಆ ಮಾತು ಊರಲ್ಲಿ ಓಡಾಡುತ್ತದೆ. ಅಪ್ಪನ ಕೈ ತಾಟಿನ ಕಡೆ ಹೋಯಿತು, ಬಹಳ ಸಂತೋಷದಿಂದಲೇ ಹೋಯಿತು. ಅವ್ವ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅವರ ಪಾಲಿಂದು ನಾ ತಿಂತೀನಿ ಬಿಡು," ಎಂದು ತನ್ನದರ ಜೊತೆಗೆ ಅವನದನ್ನೂ ತಿಂದಳು.

ಅಪ್ಪ ಬಂಡಿ ಹತ್ತಲಿಲ್ಲ. ನಡೆದ. ಬಂಡಿ ನಮ್ಮ ಹಿಂದೆ ಖಾಲಿ ದಿಂಬು ಹೊತ್ತು ಗಡಗಡ ಬರತೊಡಗಿತು.

ಬೇವಿನ ಮರದ ಕೆಳಗೆ ಒಂದು ಹೊರಸು ಇತ್ತು. ಅದರ ಪಕ್ಕದಲ್ಲಿ ಅವ್ವನ ದೊಡ್ಡವ್ವನ ಮಗಳು ಕೂತಿದ್ದಳು. ಕೆರೆಯ ದಂಡೆಯಲ್ಲಿ, ಹೊಲದ ನಡುವೆ, ಮನೆಯ ಹೊರಸು!

"ಸುಮ್ನ ಈ ಕಡಿ ಬಂದಿದ್ದೆ," ಅಂದಳು ಅವಳು.

ಅದೇ ಮಾತು, ಒಂದಕ್ಷರ ಬದಲಿಲ್ಲ. ನಾನು ತಿರುಗಿ ಅವ್ವನನ್ನು ನೋಡಿದೆ. ಅವಳು ಬಾತುಕೋಳಿ ನೋಡುತ್ತಿದ್ದಳು. ಜೀವಮಾನದಲ್ಲಿ ಬಾತುಕೋಳಿಯ ಕಡೆ ಅಷ್ಟು ಗಮನ ಕೊಟ್ಟವಳಲ್ಲ. ಆಗ ನನಗೆ ಎಲ್ಲ ತಿಳಿಯಿತು. ಅಪ್ಪ ತಾಟಿನಲ್ಲಿ ಶೇಂಗಾಕಾಳು ಇಟ್ಟ ಜಾಗಕ್ಕೆಲ್ಲ ಅವ್ವ ಒಬ್ಬೊಬ್ಬರನ್ನು ಕೂಡಿಸಿದ್ದಳು. ಕಾಳು ಬಳಿದಳೆಂದು ನಾವು ತಿಳಿದಿದ್ದೆವು, ಅವಳು ಎಣಿಸಿಕೊಂಡಿದ್ದಳು. ಸುರಪುರದ ಸಂತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ, ತವರಿನವರನ್ನೆಲ್ಲ ಕೆರೆಯ ಸುತ್ತ ಕಾವಲಿಗೆ ಹಚ್ಚಿದ್ದಳು.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ದೂರದಿಂದ ಬರಬೇಕಾಗಿಲ್ಲ. ಒಂದು ದಿನ ಆ ಮನುಷ್ಯ ಗಂಡಸಿನ ಹಾಗೆ ನಡೆದು ಬರಲಿ ಎಂದರೆ ಇವಳು ರೋಗಿಯ ಮೆರವಣಿಗೆ ಮಾಡುತ್ತಿದ್ದಾಳೆ ಅನಿಸಿತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಮೊಣಕೈ ಹಿಡಿದ.

"ಇರ್ಲಿ ಬಿಡು. ಬರೋಬ್ಬರಿ ಇಂತೆಜಾಮ್ ಮಾಡ್ಯಾಳ," ಎಂದು ಮೆಲ್ಲಗೆ ಹೇಳಿದ. ಅವನ ಕಣ್ಣಲ್ಲಿ ನಗು ಇತ್ತು. "ಒಂದ ತಪ್ಪು ಮಾಡ್ಯಾಳ, ನೋಡ್ತಾ ಇರು."

ತಪ್ಪು ಏನೆಂದು ದೊಡ್ಡವ್ವನ ಮಗಳು ಡಬ್ಬಿ ತೆರೆದಾಗಲೇ ಕಂಡಿತು. ತುಪ್ಪ ಸುರಿದ ಶೇಂಗಾ ಹೋಳಿಗೆ. ಕಾವಲಿಗೆ ಬನ್ನಿರಿ ಎಂದು ಹೇಳಿ ಕಳಿಸಿದ ಅವ್ವ, ಬರಿಗೈಯಲ್ಲಿ ಬನ್ನಿರಿ ಎಂದು ಹೇಳಿ ಕಳಿಸಿರಲಿಲ್ಲ. ಹಾಗೆ ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ದವಾಖಾನೆಯಿಂದ ಬದುಕಿ ಬಂದ ಅಳಿಯ ಮೊದಲ ಸಲ ಊರಿಗೆ ಬರುತ್ತಿದ್ದಾನೆಂದ ಮೇಲೆ ಬರಿಗೈಯಲ್ಲಿ ಬರಲು ಅವರಿಗೂ ಬರುವುದಿಲ್ಲ. ಅಪ್ಪನನ್ನು ಕಾಯಲು ಕೂಡಿಸಿದವರೆಲ್ಲ ಡಾಕ್ಟರು ಬೇಡ ಎಂದದ್ದನ್ನೇ ಹೊತ್ತು ತಂದಿದ್ದರು. ಅವ್ವ ಅಪ್ಪನ ಪಾಲಿನ ಹೋಳಿಗೆಯನ್ನೂ ತಿಂದಳು. ಎರಡನೆಯದನ್ನು ನುಂಗುವಾಗ ಕಣ್ಣು ಮುಚ್ಚಿಕೊಂಡಳು.

"ಹೆಂಗದ ಹೋಳಗಿ?" ಎಂದು ಅಪ್ಪ ಕೇಳಿದ.

"ನಡೀರಿ ಸುಮ್ನ," ಅಂದಳು.

ಕ್ಯಾಂಪಿನಲ್ಲಿ ತಮ್ಮನ ಗಿರಾಕಿಯ ಮನೆ. ತೆಲುಗಿನವರು, ಅವ್ವನ ತವರಿನವರಲ್ಲ, ಪಂಪು ರಿಪೇರಿಯ ನಂಟು. ಅವರೂ ಬಾಗಿಲಲ್ಲಿ ಕುರ್ಚಿ ಹಾಕಿ ಕಾದಿದ್ದರು. ಹುಣಸೆಹುಳಿಯ ಚಿತ್ರಾನ್ನ, ಗಟ್ಟಿ ಮೊಸರು, ಉಪ್ಪಿನಕಾಯಿ. ಅವ್ವ ಅಂಗಳದಲ್ಲಿ ನಿಂತು ಆ ತಾಟನ್ನು ನೋಡಿದ ರೀತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾವು ಮಕ್ಕಳು ಪಾಲು ತೆಗೆದುಕೊಳ್ಳುತ್ತೇವೆಂದು ಮುಂದೆ ಬಂದೆವು. ಅವಳು ಕೊಡಲಿಲ್ಲ. ಅಪ್ಪನ ಹೆಸರಿನಲ್ಲಿ ಬಡಿಸಿದ್ದನ್ನು ತಾನೇ ಮುಗಿಸಬೇಕು ಎಂಬ ಹಟ. ಉಪ್ಪಿನಕಾಯಿಯನ್ನೂ ಬಿಡಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು, ಮನೆಯ ಸಪ್ಪೆ ಚಟ್ನಿಗೆ ಸಜ್ಜೆ ರೊಟ್ಟಿ ಮುರಿದು ತಿಂದ.

ಹಳ್ಳ ಬಂದದ್ದು ಅದಾದ ಮೇಲೆ. ಬಂಡಿ ಅಲ್ಲಿಗೆ ಬರುವ ಹಾಗಿರಲಿಲ್ಲ, ಸೋದರಮಾವ ಬೇರೆ ದಾರಿಯಲ್ಲಿ ಸುತ್ತಿ ಏರಿಗೆ ಬರುತ್ತೇನೆಂದು ಹೋದ. ಅಪ್ಪನ ಲೆಕ್ಕ ಸರಿಯಾಗಿತ್ತು, ನೀರು ಪಾದ ಮುಚ್ಚುವಷ್ಟು ಮಾತ್ರ ಇತ್ತು. ಆದರೆ ಆಚೆಯ ದಂಡೆ ಕಡಿದಾಗಿತ್ತು. ಭತ್ತದ ಗದ್ದೆ ಮಾಡುವಾಗ ಮಣ್ಣು ಎತ್ತಿ ಹಾಕಿ ಏರಿಸಿದ್ದರು. ಅದು ತಮ್ಮನಿಗೂ ನೆನಪಿರಲಿಲ್ಲ, ಅಪ್ಪನ ರೊಟ್ಟಿಯಲ್ಲೂ ಇರಲಿಲ್ಲ. ಈ ಒಂದು ಜಾಗದಲ್ಲಿ ಅವ್ವನ ಕಡೆಯವರೂ ಯಾರೂ ಇರಲಿಲ್ಲ.

"ಅಪ್ಪನ್ನ ಬೆನ್ನ ಮ್ಯಾಲ ಹೊತ್ಕೋ," ಅಂದಳು ಅವ್ವ ತಮ್ಮನಿಗೆ.

"ಹೊತ್ಕೊಂಡ್ರ ಸುತ್ತಿದಂಗ ಆಗಂಗಿಲ್ಲ," ಅಂದ ಅಪ್ಪ.

ಧೋತರ ಎತ್ತಿ ಕಟ್ಟಿ ನೀರಿಗಿಳಿದ. ದಾಟಿದ. ದಂಡೆಯ ಬುಡದಲ್ಲಿ ನಿಂತು, ಒಂದು ಹೆಜ್ಜೆ, ನಿಂತು, ಮತ್ತೊಂದು ಹೆಜ್ಜೆ. ಅರ್ಧದಲ್ಲಿ ಜಾಲಿಯ ಬೇರೊಂದನ್ನು ಹಿಡಿದು ಬಹಳ ಹೊತ್ತು ನಿಂತ. ಅವನ ಉಸಿರು ಈಚೆ ದಂಡೆಯಲ್ಲಿದ್ದ ನಮಗೆ ಕೇಳುತ್ತಿತ್ತು. ಅವ್ವನ ಉಸಿರು ಕೇಳುತ್ತಿರಲಿಲ್ಲ. ತಮ್ಮ ಓಡಲು ಹೋದ, ನಾನೇ ಅವನ ಅಂಗಿ ಹಿಡಿದು ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೋ ಗೊತ್ತಿಲ್ಲ. ಆಮೇಲೆ ಅಪ್ಪ ಬೇರು ಬಿಟ್ಟು, ಉಳಿದದ್ದನ್ನೂ ಹತ್ತಿ, ಮೇಲೆ ನೆಟ್ಟಗೆ ನಿಂತ. ನಾವು ನೋಡುತ್ತಲೇ ಇದ್ದೆವು. ಅವನ ಹೆಗಲು ಏರಿಳಿಯುವುದು ನಿಧಾನವಾಯಿತು.

"ಉಸಿರು ಸಮ ಆತು. ಬರ್ರಿ," ಎಂದು ಕೂಗಿದ.

ತಮ್ಮ ದಾಟಿದ, ನಾನು ದಾಟಿದೆ. ಅವ್ವನಿಗೆ ಆಗಲಿಲ್ಲ. ನೀರಿನ ಅಂಚಿಗೆ ಬಂದು ನಿಂತುಬಿಟ್ಟಳು. ಹೊಟ್ಟೆಯಲ್ಲಿ ಭಜಿ, ಹೋಳಿಗೆ, ಚಿತ್ರಾನ್ನ, ಕಣ್ಣಲ್ಲಿ ತಿಂಗಳುಗಟ್ಟಲೆಯ ನಿದ್ದೆ, ಕಾಲು ಏಳಲಿಲ್ಲ. ನಾನು ಹೊರಳುವಷ್ಟರಲ್ಲಿ ಅಪ್ಪ ಇಳಿಯತೊಡಗಿದ್ದ. ಬೇಡ, ಮತ್ತೆ ಹತ್ತಬೇಕಾಗುತ್ತದೆ ಎಂದು ಅವಳು ಕೈ ಬೀಸಿದಳು. ಅವನು ಕೇಳಲಿಲ್ಲ. ನೀರು ದಾಟಿ ಹೋಗಿ ಅವಳ ಕೈ ಹಿಡಿದು ಕರೆತಂದ. ದಂಡೆ ಹತ್ತುವಾಗ ಅವನು ಮುಂದೆ, ಅವಳು ಹಿಂದೆ. ಎಳೆದವನು ಅಪ್ಪ.

ಮೇಲೆ ಬಂದು ಅವ್ವ ಅವನ ಎದೆಯ ಮೇಲೆ ಕೈ ಇಟ್ಟಳು. ನಮ್ಮೆದುರಿಗೆ, ಹಗಲಿನಲ್ಲಿ, ಅವಳು ಹಾಗೆ ಮಾಡಿದ್ದು ಅದೊಂದೇ ಸಲ. ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದು, ಆಮೇಲೆ ತೆಗೆದು ಸೆರಗಿಗೆ ಒರೆಸಿಕೊಂಡಳು. ನನಗೆ ಆ ಹೊತ್ತಿಗೆ ಎಷ್ಟು ಹಗುರ ಅನಿಸಿತೆಂದರೆ, ಯಾವ ಕಾರಣವೂ ಇಲ್ಲದೆ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಅವನು ತಿರುಗಿ ನಕ್ಕ.

ಉಳಿದ ದಾರಿ ಸುಲಭದ್ದಿತ್ತು. ಅಪ್ಪ ಹಕ್ಕಿಗಳನ್ನು ತೋರಿಸುತ್ತ, ಗೊತ್ತಿರದ ಹಕ್ಕಿಗೆ ತನಗೆ ತೋಚಿದ ಹೆಸರು ಇಡುತ್ತ ಬಂದ. ಬಿಸಿಲು ಬಾಗುವ ಹೊತ್ತಿಗೆ ತೂಬಿನ ಹತ್ತಿರ ಬಂದೆವು. ಅಪ್ಪ ಕಲ್ಲನ್ನು ಮುಟ್ಟಿದ. ನಾವು ಚಪ್ಪಾಳೆ ತಟ್ಟಲಿಲ್ಲ, ತಟ್ಟಿದ್ದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಸೋದರಮಾವ ಬಂಡಿ ಬಿಟ್ಟು ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಬಸ್ಸಿಗೆ ಇನ್ನೂ ಹೊತ್ತಿತ್ತು, ಕೂತೆವು.

ಅವ್ವ ತೂಬಿನ ಕಲ್ಲಿಗೆ ಒರಗಿ ಕೂತಿದ್ದಳು. ಅಪ್ಪ ಅವಳಿಗೆ ಏನೋ ಕೇಳಿದ, ಉತ್ತರ ಬರಲಿಲ್ಲ. ನೋಡಿದರೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ತಲೆ ಒಂದು ಕಡೆ ವಾಲಿತ್ತು. ಮೆಲ್ಲಗೆ ಗೊರಕೆ. ಅವಳ ಬಲಗೈ ಮಡಿಲಿನ ಮೇಲೆ ಮೇಲ್ಮುಖವಾಗಿ ಬಿದ್ದಿತ್ತು, ಬೆರಳು ಬಿಚ್ಚಿದ್ದವು. ಮಳೆಗಾಲದಿಂದ ಆ ಮುಷ್ಟಿ ಬಿಚ್ಚಿದ್ದನ್ನು ನಾವು ಯಾರೂ ನೋಡಿರಲಿಲ್ಲ.

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು. ತಮ್ಮ ಚೀಲ ಎತ್ತಿಕೊಂಡು ಅವ್ವನ ಹೆಗಲಿಗೆ ಕೈ ಹಾಕಲು ಬಾಗಿದ.

"ಎಬ್ಬಿಸಬ್ಯಾಡ," ಅಂದ ಅಪ್ಪ.

"ಕಡೀ ಬಸ್ಸು ಅಪ್ಪಾ."

"ಹೋಗ್ಲಿ. ಈಗ ನನ್ನ ಪಾಳಿ."

ಬಸ್ಸು ಹೋಯಿತು. ಅಪ್ಪ ಜಾಗ ಬದಲಿಸಿ, ಇಳಿಬಿಸಿಲು ಅವಳ ಮುಖಕ್ಕೆ ಬೀಳದಂತೆ ಅಡ್ಡ ಕೂತ. ನೊಣ ಬಂದರೆ ಟವೆಲ್ಲು ಬೀಸಿದ. ಸೋದರಮಾವ ಎತ್ತುಗಳ ಕೊರಳ ಗೆಜ್ಜೆಯನ್ನು ಕೈಯಲ್ಲಿ ಹಿಡಿದು ನಿಂತ, ಸದ್ದಾಗದ ಹಾಗೆ. ನಾನು ನೀರಿನ ಕಡೆ ತಿರುಗಿ ಕೂತು ಸ್ವಲ್ಪ ಅತ್ತೆ. ದುಃಖಕ್ಕಲ್ಲ.

ಹಕ್ಕಿಗಳೆಲ್ಲ ಗಿಡಗಳಿಗೆ ಇಳಿದು ಗದ್ದಲ ಎಬ್ಬಿಸಿದಾಗ ಅವ್ವನಿಗೆ ಎಚ್ಚರವಾಯಿತು. ಗಾಬರಿಯಾಗಿ ಮೊದಲು ಕೈ ಚಾಚಿ ಧೋತರ ಹುಡುಕಿದಳು.

"ಬಸ್ಸು?"

"ಹೋತು."

"ನೀವು?"

"ನಾ ಇಲ್ಲೇ ಅದೀನಲ್ಲ," ಅಂದ ಅಪ್ಪ.

ಅವ್ವ ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಎದ್ದು, ಯಾರೂ ಹೇಳುವ ಮೊದಲೇ ಹೋಗಿ ಬಂಡಿ ಹತ್ತಿ, ಬೆಳಗಿನಿಂದ ಖಾಲಿಯಿದ್ದ ದಿಂಬಿಗೆ ತಲೆ ಕೊಟ್ಟು ಮಲಗಿದಳು. ಬಂಡಿ ಸೋದರಮಾವನ ಮನೆಯ ಕಡೆ ಹೊರಟಿತು. ಅಪ್ಪ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಅದರ ಹಿಂದೆ ನಡೆದು ಬಂದ.